ಸಣ್ಣವರ ಪ್ರಯತ್ನಕ್ಕೊಂದು ಶಾಸನ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದರ ಸಮೀಪದ ಪಾಲ್ಕಿಗುಂಡಿನಲ್ಲಿಯೂ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಎರಡು ಶಾಸನಗಳು, ಜನಸಾಮಾನ್ಯರಿಗೆ ಧೈರ್ಯ ತುಂಬುವ ಮಾತು ಕನ್ನಡ ನೆಲದಲ್ಲಿ ಬರಹಕ್ಕಿಳಿದ ಅತ್ಯಂತ ಹಳೆಯ ನಿದರ್ಶನಗಳ ಸಾಲಿಗೆ ಸೇರುತ್ತವೆ. ಪಾಲ್ಕಿಗುಂಡು ಎಂಬುದು ಹೆಬ್ಬಂಡೆಗಳ ಮೇಲೆ ಚಪ್ಪಟೆ ಬಂಡೆಯೊಂದು ಅಡ್ಡಲಾಗಿ ಕೂತು ದೂರಕ್ಕೆ ಪಲ್ಲಕ್ಕಿಯಂತೆ ತೋರುವ ಗುಡ್ಡ. ಶಾಸನಗಳ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿ.ಪೂ. 3ನೆಯ ಶತಮಾನ. ಅಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಶಾಸನಗಳ ಪಾಠವನ್ನು ಭಾಷಾಶಾಸ್ತ್ರಜ್ಞ ಆರ್. ಎಲ್. ಟರ್ನರ್ ಅವರು 1932ರಲ್ಲಿ ಪ್ರಕಟಿಸಿದರು. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸುವ ಕೊಪಣನಗರ ಇದೇ ಆದುದರಿಂದ ಕನ್ನಡಿಗರಿಗೆ ಈ ಊರಿನ ಹಿರಿಮೆ ಹೊಸದಲ್ಲ, ಆದರೆ ಬಂಡೆಯ ಮೇಲಿನ ಆ ಕೆಲವೇ ಸಾಲುಗಳು ಹೇಳುವುದೇನು ಎಂಬುದು ಊರಿನ ಹೆಸರು ಬಲ್ಲ ಎಲ್ಲರಿಗೂ ತಿಳಿದಿರಲಾರದು.

ಶಾಸನದ ತಾತ್ಪರ್ಯ ಹೀಗಿದೆ: ದೊರೆ ತಾನು ಉಪಾಸಕನಾಗಿ, ಅಂದರೆ ಬೌದ್ಧ ಧರ್ಮವನ್ನು ಅನುಸರಿಸುವ ಗೃಹಸ್ಥನಾಗಿ, ಎರಡೂವರೆ ವರ್ಷ ಕಳೆಯಿತೆಂದು ಹೇಳಿ, ಅದರಲ್ಲಿ ಮೊದಲ ಒಂದು ವರ್ಷ ತನ್ನ ಪ್ರಯತ್ನ ಸಾಲದಾಗಿತ್ತೆಂದೂ, ಸಂಘದ ಸಂಪರ್ಕಕ್ಕೆ ಬಂದ ಮೇಲೆಯೇ ತಾನು ಮನಸ್ಸಿಟ್ಟು ಪ್ರಯತ್ನಿಸತೊಡಗಿದೆನೆಂದೂ ತಿಳಿಸುತ್ತಾನೆ, ಇಂಥ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರದ್ಧೆಯಿಂದ ದುಡಿದರೆ ಅದನ್ನು ಪಡೆಯಬಲ್ಲನು, ಆದ್ದರಿಂದ ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದು ಸಾರುತ್ತಾನೆ. ಅಖಂಡ ಸಾಮ್ರಾಜ್ಯವನ್ನಾಳುತ್ತಿದ್ದ ದೊರೆಯೊಬ್ಬನು ತನ್ನ ವಿಜಯಗಳನ್ನು ಹಾಡಿಕೊಳ್ಳದೆ ತನ್ನದೇ ಒಂದು ವರ್ಷದ ಉದಾಸೀನವನ್ನು ಬಂಡೆಯ ಮೇಲೆ ಕೆತ್ತಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮತ್ತೊಬ್ಬರಿಗೆ ಉತ್ತೇಜನ ಕೊಡುವವನು ಮೇಲೆ ನಿಂತು ಉಪದೇಶಿಸಿದರೆ ಕೇಳುವವನು ಇನ್ನಷ್ಟು ಕುಗ್ಗುತ್ತಾನೆ; ತಾನೂ ಅದೇ ಹಾದಿಯಲ್ಲಿ ಹಿಂದೆ ಬಿದ್ದಿದ್ದೆನೆಂದು ಹೇಳಿದಾಗ ಮಾತ್ರ ಆ ಮಾತು ಕೈಹಿಡಿದು ಎಬ್ಬಿಸುತ್ತದೆ. ಶಾಸನವು ಮುಂದಿಡುವ ನಿರೀಕ್ಷೆಯೂ ಮಿತವಾದದ್ದು: ಈ ಪ್ರಯತ್ನ ನೆಲೆಗೊಂಡು ಕನಿಷ್ಠ ಒಂದೂವರೆ ಪಟ್ಟು ಬೆಳೆಯಲಿದೆ ಎಂದಷ್ಟೇ ಅದು ಹೇಳುತ್ತದೆ. ಹತ್ತು ಪಟ್ಟು, ನೂರು ಪಟ್ಟು ಎಂಬ ಆಸೆ ಹುಟ್ಟಿಸುವ ಮಾತುಗಳು ದಿನ ಬೆಳಗಾದರೆ ಮೊಬೈಲಿನಲ್ಲಿ ಬಂದು ಬೀಳುವ ಈ ಕಾಲದಲ್ಲಿ ಆ ಒಂದೂವರೆ ಪಟ್ಟಿನ ಸಂಯಮವನ್ನು ಗಮನಿಸಬೇಕು, ಏಕೆಂದರೆ ನಾಳೆಯೂ ಮುಂದುವರಿಸಬಹುದಾದ ಪ್ರಯತ್ನದ ಅಳತೆ ಅದು.

ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಸಂಖ್ಯೆಯೊಂದು ಬರುತ್ತದೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದ್ದು, ದೊರೆ ರಾಜಧಾನಿಯಿಂದ ದೂರ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂದು ಹಲವರು ಓದಿದ್ದಾರೆ. ಹಾಗಿದ್ದಲ್ಲಿ ಇದು ಮನೆಯಿಂದ ದೂರವಿದ್ದವನೊಬ್ಬ ಹೊರಡಿಸಿದ ಸಂದೇಶವೂ ಆಗುತ್ತದೆ. ಪರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸಂಗತಿ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.

ಉತ್ತೇಜನವು ಕೈಕಾಲಿಗೆ ಬಲ ಕೊಡಬಹುದು, ಆದರೆ ಆ ಬಲವನ್ನು ಯಾವ ಕಡೆ ಹಾಕಬೇಕೆಂಬುದು ಬೇರೆಯೇ ಪ್ರಶ್ನೆ. ಈ ಪ್ರಶ್ನೆಗೆ ಕೊಪ್ಪಳ ಸೀಮೆಯ ಒಕ್ಕಲುತನದಲ್ಲಿ ಬಹುಕಾಲದಿಂದ ಉತ್ತರಗಳು ರೂಪುಗೊಂಡಿವೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದ ನಾಲ್ಕು ತಾಲ್ಲೂಕುಗಳಲ್ಲಿ ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆಂಬ ಹೆಸರು ಬಂದಿದ್ದರೆ, ಕುಷ್ಟಗಿ ಮತ್ತು ಯಲಬುರ್ಗಾ ಹೆಚ್ಚಾಗಿ ಮಳೆಯನ್ನೇ ನೆಚ್ಚಿದ ಒಣಬೇಸಾಯದ ಸೀಮೆಗಳು. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಮುಟ್ಟುವುದಿಲ್ಲ, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಇಂಥ ಕಡೆ ಬಿತ್ತುವುದೋ ಕಾಯುವುದೋ ಎಂಬ ತೀರ್ಮಾನವು ಇಡೀ ವರ್ಷದ ಅನ್ನವನ್ನು ನಿರ್ಧರಿಸುವುದರಿಂದ, ಅದನ್ನು ಹುಮ್ಮಸ್ಸಿನಲ್ಲಿ ತೆಗೆದುಕೊಳ್ಳುವಂತಿಲ್ಲ, ಅಂಜಿ ಮುಂದೂಡುತ್ತ ಕೂಡುವಂತೆಯೂ ಇಲ್ಲ. ಮಳೆ ನಕ್ಷತ್ರವೊಂದರ ಅವಧಿ ಹದಿಮೂರು ಹದಿನಾಲ್ಕು ದಿನ; ಅಷ್ಟರೊಳಗೆ ನೆಲ ಎಷ್ಟು ಗೇಣು ನೆನೆದಿದೆ ಎಂದು ಕೈಯಿಂದ ಕೆದರಿ ನೋಡಿ, ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟುತ್ತದೆಯೋ ಉದುರುತ್ತದೆಯೋ ಎಂದು ಪರೀಕ್ಷಿಸಿ, ಎತ್ತು, ಕೂಲಿಯಾಳು, ಬೀಜ ಮೂರೂ ಕೂಡಿಬಂದ ದಿನವೇ ಕೂರಿಗೆ ಹೂಡಬೇಕಾಗುತ್ತದೆ.

ಆ ಕೂರಿಗೆಯ ಹಿಂದೆಯೇ ಮತ್ತೊಂದು ವಿವೇಕ ಸಾಗುತ್ತದೆ. ಮುಖ್ಯ ಬೆಳೆಯಾದ ಸಜ್ಜೆಯ ಬೀಜವನ್ನು ಹೆಣ್ಣುಮಗಳೊಬ್ಬಳು ಕೂರಿಗೆಯ ಬಟ್ಟಲಿಗೆ ಒಂದೇ ಹದದಲ್ಲಿ ಬಿಡುತ್ತ ನಡೆದರೆ, ಹಿಂದೆ ಹಗ್ಗದಿಂದ ಕಟ್ಟಿದ ಬೇರೊಂದು ಬಿದಿರ ಕೊಳವೆಯಲ್ಲಿ ಇನ್ನೊಬ್ಬಳು ತೊಗರಿ, ಹೆಸರು, ಮಡಿಕೆ, ಗುರೆಳ್ಳುಗಳಂಥ ಬೀಜಗಳನ್ನು ಬಿಡುತ್ತಾಳೆ. ಇದಕ್ಕೆ ಅಕ್ಕಡಿ ಎನ್ನುತ್ತಾರೆ, ಅಂದರೆ ಮುಖ್ಯ ಬೆಳೆಯ ಕೆಲವು ಸಾಲುಗಳಿಗೊಮ್ಮೆ ಬೇರೆ ಬೆಳೆಯ ಸಾಲನ್ನು ಹಾಕುವ ಪದ್ಧತಿ. ಮಳೆ ಬೇಗ ಕೈಕೊಟ್ಟರೆ ಅಲ್ಪಾವಧಿಯ ಹೆಸರು ಅಷ್ಟರೊಳಗೆ ಮನೆಗೆ ಬಂದಿರುತ್ತದೆ, ತಡವಾಗಿ ಸುರಿದರೆ ಆಳಕ್ಕೆ ಬೇರು ಬಿಟ್ಟ ತೊಗರಿ ಚೇತರಿಸಿಕೊಳ್ಳುತ್ತದೆ, ದ್ವಿದಳ ಧಾನ್ಯಗಳು ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತವೆ. ಹಿಂಗಾರಿನಲ್ಲಿ ಎರೆಹೊಲದ ಬಿಳಿಜೋಳದ ಅಂಚಿಗೆ ಕುಸುಬೆ ಹಾಕುವುದೂ ಇಂಥದೇ ಜಾಣತನ; ಕುಸುಬೆಯ ಮುಳ್ಳು ದನಗಳನ್ನು ತಡೆಯುತ್ತದೆ, ಕಾಳು ಎಣ್ಣೆಗಾಗುತ್ತದೆ. ಒಂದೇ ಬೆಳೆ ಹಾಕಿದವನಿಗೆ ಒಳ್ಳೆಯ ವರ್ಷದಲ್ಲಿ ಹೆಚ್ಚು ಹಣ ಬರಬಹುದು ಎಂಬುದು ನಿಜವೇ ಆದರೂ, ಕೆಟ್ಟ ವರ್ಷದಲ್ಲಿ ಮರುವರ್ಷದ ಬಿತ್ತನೆಗೆ ಬೀಜವೂ ಉಳಿಯದಂತಾದರೆ ಆ ಹೆಚ್ಚಿನ ಹಣಕ್ಕೆ ತೆತ್ತ ಬೆಲೆ ದುಬಾರಿ. ಮುಂದಿನ ಪ್ರಯತ್ನಕ್ಕೆ ದಾರಿ ಉಳಿಸಿಕೊಂಡ ನಿರ್ಧಾರವನ್ನೇ ಈ ಸೀಮೆಯ ಹಿರಿಯರು ಜಾಣತನವೆಂದು ಬಗೆದಂತೆ ಕಾಣುತ್ತದೆ. ಬೀಜವನ್ನು ಬೇವಿನ ಸೊಪ್ಪು, ಬೂದಿಗಳೊಡನೆ ಗಡಿಗೆಯಲ್ಲಿ ಕಟ್ಟಿಡುವ ಕೆಲಸ ಮನೆಯ ಹೆಂಗಸರದಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಏನು ಬಿತ್ತಬೇಕೆಂಬ ತೀರ್ಮಾನ ಅರ್ಧಕ್ಕರ್ಧ ಆ ಗಡಿಗೆಗಳ ಬಳಿಯೇ ಆಗುತ್ತಿತ್ತು.

ನೀರಾವರಿಯ ಗಂಗಾವತಿಗೂ ಇಂಥ ಪರೀಕ್ಷೆ ತಪ್ಪಿದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ರೈತರ ಕಣ್ಣೆದುರಿಗೇ ನೀರನ್ನು ಹೊಳೆಗೆ ಬಿಡಬೇಕಾಯಿತು. ನೀರಿನ ಮಟ್ಟ ಪೂರ್ತಿ ಇಳಿಯುವವರೆಗೆ ಕಾಯುವುದು ದುರಸ್ತಿಯ ದೃಷ್ಟಿಯಿಂದ ನಿರಾತಂಕದ ಹಾದಿಯಾಗಿತ್ತು, ಆದರೆ ಅದು ಎರಡನೆಯ ಬೆಳೆಯ ಆಸೆಯನ್ನೂ ಹರಿಯಗೊಡುತ್ತಿತ್ತು. ಹಿರಿಯ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್‌ಗಳನ್ನು, ಅಂದರೆ ಒಂದರ ಮೇಲೊಂದು ಇಳಿಸಿ ಕೂಡಿಸುವ ಉಕ್ಕಿನ ಅಡ್ಡಹಲಗೆಗಳನ್ನು, ಒಂದು ವಾರದೊಳಗೆ ಅಳವಡಿಸಲಾಯಿತು. ಇಲ್ಲಿ ಮೆಚ್ಚಬೇಕಾದದ್ದು ಸಾಹಸವನ್ನಷ್ಟೇ ಅಲ್ಲ; ಮೊದಲು ನೀರು ಬಿಟ್ಟು ಅಣೆಕಟ್ಟನ್ನು ಕಾಯುವುದು, ಆಮೇಲೆ ಉಳಿದ ನೀರಿಗಾಗಿ ಅಪಾಯ ಎದುರಿಸುವುದು ಎಂಬ ಆ ಕ್ರಮವನ್ನು.

ಒಬ್ಬರಿಂದಾಗದ ನಿರ್ಧಾರಗಳೂ ಉಂಟು. ತುಂಗಭದ್ರೆಯನ್ನು ಸೇರುವ ಹಿರೇಹಳ್ಳವು ಜಾಲಿ ಬೆಳೆದು, ಹೂಳು ತುಂಬಿ, ಕೊಳಚೆಯ ಹಾದಿಯಾಗಿದ್ದಾಗ, 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಹಳ್ಳಕ್ಕಿಳಿದು ನಿಂತುದರಿಂದ ದಂಡೆಯ ಹಳ್ಳಿಗಳ ಜನ ಜೊತೆಗೂಡಿ, 20 ಕಿಲೋಮೀಟರಿಗೂ ಹೆಚ್ಚು ಉದ್ದದ ಹರಿವನ್ನು ತೆರವುಗೊಳಿಸಿದರು. ಪುಷ್ಯ ಮಾಸದಲ್ಲಿ ನಡೆಯುವ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಊರುಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಹರಿದುಬರುವುದೂ ಇದೇ ರೀತಿಯಲ್ಲಿ: ಪ್ರತಿ ಮನೆಯೂ ತನಗಾದಷ್ಟು ತಟ್ಟಿ, ಕಟಿಯಾಗಿಸಿ, ಬುಟ್ಟಿ ತುಂಬಿ ಕೊಡುತ್ತದೆ, ಊರವರು ಅವನ್ನು ಕೂಡಿಸಿ ಬಂಡಿಗೋ ಟ್ರ್ಯಾಕ್ಟರಿಗೋ ಹೇರುತ್ತಾರೆ. ಹತ್ತು ರೊಟ್ಟಿ ಕೊಟ್ಟ ಮನೆಗೂ ತಾನು ಆ ದಾಸೋಹದ ಭಾಗವೆಂಬ ಹೆಮ್ಮೆ ಉಳಿಯುತ್ತದೆ, ಆ ಹೆಮ್ಮೆಯೇ ಮುಂದಿನ ವರ್ಷದ ರೊಟ್ಟಿಯನ್ನೂ ತಟ್ಟಿಸುತ್ತದೆ.

ಈ ಸೀಮೆಯ ಮಕ್ಕಳು ಇಂದು ಡಲ್ಲಾಸ್, ದುಬೈ, ಮೆಲ್ಬರ್ನ್‌ಗಳಲ್ಲಿ ಸಂಸಾರ ಹೂಡಿದ್ದಾರೆ, ಅವರೆದುರಿಗಿರುವ ನಿರ್ಧಾರಗಳ ರೂಪ ಬೇರೆ. ಊರಲ್ಲಿ ಉಳಿದ ಹೊಲವನ್ನು ಮಾರಬೇಕೋ ಪಾಲಿಗೆ ಕೊಡಬೇಕೋ, ವಯಸ್ಸಾದ ತಾಯಿತಂದೆಯರನ್ನು ಕರೆಸಿಕೊಳ್ಳಬೇಕೋ ಊರಲ್ಲೇ ಅನುಕೂಲ ಮಾಡಿಕೊಡಬೇಕೋ, ಮಕ್ಕಳ ಶನಿವಾರವನ್ನು ಕನ್ನಡ ತರಗತಿಗೆ ಕೊಡಬೇಕೋ ಈಜಿಗೆ ಕೊಡಬೇಕೋ ಎಂಬಂಥ ಪ್ರಶ್ನೆಗಳಲ್ಲಿ ಒಮ್ಮೆಗೇ ಎಲ್ಲವನ್ನೂ ಇತ್ಯರ್ಥ ಮಾಡಿಬಿಡುವ ಆತುರ ಹೆಚ್ಚು ಹಾನಿ ಮಾಡುತ್ತದೆ. ಹೊಲವನ್ನು ಎರಡು ವರ್ಷದ ಮಟ್ಟಿಗೆ ಪಾಲಿಗೆ ಕೊಟ್ಟು ನೋಡುವುದು, ಹಿರಿಯರು ಒಂದು ಚಳಿಗಾಲ ಕಳೆದ ಮೇಲೆ ಅವರನ್ನೇ ಕೇಳುವುದು, ಹಿಂದಿರುಗಿ ನಡೆಯಬಹುದಾದ ಹಾದಿಗಳು. ಭಾನುವಾರದ ಫೋನಿನಲ್ಲಿ ‘ಆರಾಮ್ ಅದೀರೇನ್ರಿ’ ಎಂಬ ಪ್ರಶ್ನೆಗೆ ‘ಆರಾಮ್ ಅದೀವಪ್ಪಾ’ ಎಂಬ ಉತ್ತರ ಬಂದ ಕೂಡಲೇ ಮಾತು ಮುಗಿಸದೆ, ಈ ಸಲ ಹಸ್ತ ಮಳೆ ಆಯಿತೇ, ಎರೆಹೊಲಕ್ಕೆ ಏನು ಹಾಕಿಸಿದಿರಿ, ಜೋಳ ಬಿಟ್ಟು ಕಡಲೆ ಹಾಕಿಸಿದ್ದೇಕೆ ಎಂದು ಕೇಳಿದರೆ, ತಮ್ಮ ತಿಳಿವಳಿಕೆ ಇನ್ನೂ ಮನೆಗೆ ಬೇಕಾಗಿದೆ ಎಂಬ ನೆಮ್ಮದಿ ಹಿರಿಯರಿಗೆ ಸಿಗುತ್ತದೆ, ಪಕ್ಕದಲ್ಲಿ ಕೂತು ಕೇಳುವ ಮೊಮ್ಮಕ್ಕಳಿಗೆ ತೀರ್ಮಾನವೊಂದು ಹೇಗೆ ಆಗುತ್ತದೆಂಬುದು ಕನ್ನಡದಲ್ಲೇ ತಿಳಿಯುತ್ತದೆ.