ನಾಲಿಗೆಗೆ ಯಜಮಾನ ಯಾರು?



ತಪಸ್ಸುಕಾಲ ಸಮೀಪಿಸಿದಾಗ ನಮ್ಮಲ್ಲಿ ಅನೇಕರು ಸಿಹಿಯನ್ನು ತ್ಯಜಿಸುವ ಸಂಕಲ್ಪ ಮಾಡುತ್ತೇವೆ. ನಾನೂ ಹಲವು ವರ್ಷ ಹಾಗೆ ಮಾಡಿದ್ದೇನೆ. ವಿಭೂತಿ ಬುಧವಾರದಿಂದ ಸಕ್ಕರೆಯಿಲ್ಲದ ಕಾಫಿ. ಪಾಸ್ಖ ಹಬ್ಬದ ಬೆಳಿಗ್ಗೆ ಮತ್ತೆ ಎರಡು ಚಮಚ, ಜೊತೆಗೆ ಕೇಕು, ಕಜ್ಜಾಯ. ಗೆದ್ದೆನೆಂದು ಭಾವಿಸುತ್ತಿದ್ದೆ. ನಿಜವಾಗಿ ನಲವತ್ತು ದಿನವೂ ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ. ಮನಸ್ಸು ಸಕ್ಕರೆ ಡಬ್ಬಿಯ ಬಳಿಯಲ್ಲೇ ಕಾದು ಕುಳಿತಿತ್ತು.

ಹಾಗಾದರೆ ಸಿಹಿ ತಿನ್ನುವುದು ಪಾಪವೇ? ಖಂಡಿತ ಅಲ್ಲ. ಸವಿಯನ್ನು ಸೃಷ್ಟಿಸಿದವನು ದೇವರೇ. ಸಹಜವಾದ ಸುಖವನ್ನು ಕಾರಣವಿಲ್ಲದೆ ಪೂರ್ತಿ ತಿರಸ್ಕರಿಸುವುದೂ ದೋಷವೇ ಎನ್ನುತ್ತಾರೆ ಸಂತ ತೋಮಸ್ ಅಕ್ವಿನಾಸರು. ಅವರಿಗಿಂತ ಆರು ಶತಮಾನಗಳ ಹಿಂದೆ ಜಗದ್ಗುರು ಮಹಾ ಗ್ರೆಗೊರಿಯವರು ಹೊಟ್ಟೆಬಾಕತನವನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಅತಿಯಾಗಿ ತಿನ್ನುವುದು ಅವುಗಳಲ್ಲಿ ಒಂದು ಮಾತ್ರ. ಹೊತ್ತಿಗೆ ಮುನ್ನ ತಿನ್ನುವುದು, ಆತುರದಿಂದ ಮುಗಿಬೀಳುವುದು ಕೂಡ ಅದರಲ್ಲಿ ಸೇರಿವೆ. ಬಯಕೆ ನಮ್ಮನ್ನು ಆಳುತ್ತಿದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಅನುಮತಿಯಿರುವ ವಸ್ತುವಿಗೂ ತಾನು ದಾಸನಾಗಲಾರೆನೆಂದು ಪ್ರೇಷಿತ ಪೌಲರು ಕೊರಿಂಥದವರಿಗೆ ಬರೆದದ್ದು ಇದೇ ಅರ್ಥದಲ್ಲಿ.

ಶರೀರಕ್ಕೂ ಅದರದೇ ಲೆಕ್ಕವಿದೆ. ಬೆರೆಸಿದ ಸಕ್ಕರೆಯ ಪಾಲು ದಿನದ ಆಹಾರಶಕ್ತಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆಯಿರಲಿ, 5ಕ್ಕಿಂತ ಕಡಿಮೆಯಾದರೆ ಇನ್ನೂ ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತು. ಶೇಕಡಾ 5 ಎಂದರೆ ಸುಮಾರು 25 ಗ್ರಾಂ, ಅಂದರೆ ಆರು ಚಿಕ್ಕ ಚಮಚ. ಎರಡೆರಡು ಚಮಚದಂತೆ ಮೂರು ಲೋಟ ಕಾಫಿಗೇ ಅದು ಮುಗಿಯಿತು. ಜೇನು, ಹಣ್ಣಿನ ರಸಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಬೆಲ್ಲವೂ ಬಹುಪಾಲು ಸಕ್ಕರೆಯೇ.

ಆದರೆ ನಮ್ಮಲ್ಲಿ ಸಕ್ಕರೆ ಪ್ರೀತಿಯ ಭಾಷೆಯೂ ಹೌದು. ಧರ್ಮಕೇಂದ್ರದ ಮನೆಗಳ ಭೇಟಿಗೆ ಹೋದರೆ ಒಂದೇ ಸಂಜೆ ಆರು ಮನೆ, ಆರು ಲೋಟ. ಬೇಡವೆಂದರೆ, "ನಮ್ಮ ಮನೆಯಲ್ಲಿ ಮಾತ್ರ ಬೇಡವೇ ಫಾದರ್?" ಎಂದು ಮುಖ ಬಾಡುತ್ತದೆ. ಒಮ್ಮೆ ಮಧುಮೇಹದಿಂದ ಕಾಲ್ಬೆರಳು ಕಳೆದುಕೊಂಡಿದ್ದ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಮನೆಯವರು ಒತ್ತಾಯಮಾಡಿ ಅವರ ಕೈಗೂ ಲಾಡು ಇಟ್ಟರು. ಅವರು ನನ್ನತ್ತ ನೋಡಿ, ಬೇಡವೆನ್ನಲಾರದೆ ತಿಂದರು. ನಾನು ಸುಮ್ಮನಿದ್ದೆ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ. ನೊಂದ ದೇಹಕ್ಕೆ ಹಾನಿಯಾಗುವುದನ್ನು ಒತ್ತಾಯದಿಂದ ಉಣಿಸುವುದು ಅತಿಥಿಸತ್ಕಾರವೇ? ಕೇಳಿ ಬಡಿಸುವುದೂ ಪ್ರೀತಿಯಲ್ಲವೇ?

ಸದ್ಗುಣವೆಂಬುದು ಒಂದೇ ದಿನದ ಶಪಥದಿಂದ ಬರುವುದಿಲ್ಲ. ಮರಳಿ ಮರಳಿ ಮಾಡಿದ ಚಿಕ್ಕ ಕ್ರಿಯೆಗಳಿಂದ ಬೇರೂರುತ್ತದೆ. ಆದ್ದರಿಂದ ಕಾಫಿಗೆ ಮೊದಲು ಅರ್ಧ ಚಮಚ ಕಡಿಮೆ ಮಾಡಿ. ನಾಲಿಗೆ ಅದಕ್ಕೆ ಒಗ್ಗಿದ ಮೇಲೆ ಇನ್ನರ್ಧ. ಸಕ್ಕರೆ ಡಬ್ಬಿ ಊಟದ ಮೇಜಿನಿಂದ ಕಪಾಟಿನೊಳಗೆ ಹೋಗಲಿ. ಸಂಜೆ ಬಿಸ್ಕತ್ತಿಗೆ ಕೈಹೋಗುವ ಹೊತ್ತಿಗೆ ಒಂದು ಹಿಡಿ ಹುರಿಗಡಲೆಯೋ ಒಂದು ಸೀಬೆಹಣ್ಣೋ ಎದುರಿಗಿರಲಿ. ಹಿರಿಯರು ಮೊದಲು ಮಾಡಿದರೆ ಮಕ್ಕಳಿಗೆ ಉಪದೇಶ ಬೇಕಾಗುವುದಿಲ್ಲ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಿಕೊಳ್ಳಲಿ. ಒಂದು ದಿನ ಸೋತರೆ ಎದೆಗುಂದಬೇಡಿ. ಬಿದ್ದವರನ್ನು ಎತ್ತುವ ಪ್ರಭು ನಮ್ಮೊಡನಿದ್ದಾರೆ.

ಈಗ ನನ್ನ ಕಾಫಿಗೆ ಅರ್ಧ ಚಮಚ ಸಾಕು. ಕ್ರಿಸ್ಮಸ್ಸಿನ ಕಜ್ಜಾಯವನ್ನು ಬಿಟ್ಟಿಲ್ಲ. ಒಂದೇ ಒಂದನ್ನು ನಿಧಾನವಾಗಿ ತಿನ್ನುತ್ತೇನೆ. ಅದು ಹಿಂದೆಂದಿಗಿಂತ ಸಿಹಿಯಾಗಿದೆ. ಈ ಸಂಜೆ ನಿಮ್ಮ ಮನೆಗೆ ಬರುವ ಅತಿಥಿಯನ್ನು, "ಸಕ್ಕರೆ ಎಷ್ಟು ಹಾಕಲಿ?" ಎಂದು ಕೇಳಿ, ಅವರ ಉತ್ತರವನ್ನು ಗೌರವಿಸಿ.