ಒಳಗೆ ಬಾ ಅಂದವರ ಋಣ

ಹಿಟ್ಟು ತೊಳಸುವುದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಲ್ಲ. ನಾವು ಕೆ.ಆರ್. ನಗರದ ನಾಲೆ ಬಯಲಿನವರು, ಅನ್ನ ಉಣ್ಣುವವರು. ಮುದ್ದೆ ಇರಲಿಲ್ಲವೆಂದಲ್ಲ. ಆದರೆ ಅಜ್ಜಿ ತೀರಿಕೊಂಡ ಮೇಲೆ ಅದು ಗ್ಯಾಸಿನ ಮೇಲೆ, ಲೋಟದ ಲೆಕ್ಕದಲ್ಲಿ, ಗಂಟುಗಂಟಾಗಿ ಬರತೊಡಗಿತು. ಕಳೆದ ಆಷಾಢದಲ್ಲಿ ನಾನು ಹುಣಸೂರಿಗೆ ಹೋಗಿ, ಅಲ್ಲಿಂದ ಎಚ್.ಡಿ. ಕೋಟೆ ಬಸ್ಸು ಹತ್ತಿ, ಒಬ್ಬ ಅವ್ವನ ಮನೆ ಹುಡುಕಿಕೊಂಡು ಹೋದೆ.

ನಾನು ಚಿಕ್ಕವಳಿದ್ದಾಗ ಕೋಟೆ ಕಡೆಯಿಂದ ನಾಟಿಗೆ, ಕೊಯ್ಲಿಗೆ ಗುಂಪು ಕಟ್ಟಿಕೊಂಡು ನಮ್ಮೂರಿಗೆ ಬರುತ್ತಿದ್ದವರಲ್ಲಿ ಅವರೂ ಒಬ್ಬರು. ಊರಿಂದ ನೆನೆಸಿ ತಂದ ಕಳಲೆಯನ್ನು ಹುರುಳಿಕಾಳಿನ ಜತೆ ಹಾಕಿ, ಗದ್ದೆ ಬದುವಿನಲ್ಲಿ ಮೂರು ಕಲ್ಲಿಟ್ಟು ಸಾರು ಕಾಯಿಸುತ್ತಿದ್ದರು. ಒಂದು ದಿನ ನನಗೂ ಒಂದು ತುತ್ತು ಮುದ್ದೆ ಅದ್ದಿ ಕೊಟ್ಟರು. ಅದನ್ನು ತಿಂದು ಬಂದೆ ಎಂದು ನಾನೇ ಬಾಯಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ತಲೆಯ ಮೇಲೆ ನೀರು ಹೊಯ್ದರು. ಆ ನೀರು ಯಾಕೆಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಅವರು ದಲಿತ ಕೇರಿಯವರು.

ಅವರ ಮನೆ ಬಾಗಿಲು ತಗ್ಗು. ಬಗ್ಗಿ ನಿಂತೆ. "ಒಳಕ್ ಬನ್ನಿ ಚಿಕ್ಕವ್ವಾರೆ, ಹೊಗೆ ಅದೆ, ನೋಡ್ಕಂಡು" ಅಂದರು. ಮೊಮ್ಮಗನಿಗೆ ಮೊದಲೇ ಫೋನ್ ಮಾಡಿದ್ದೆ. ಒಲೆಯ ಪಕ್ಕದ ಪಾತ್ರೆಯಲ್ಲಿ ಹೆಚ್ಚಿದ ಕಳಲೆ ಆಗಲೇ ಮೂರನೆಯ ನೀರಿನಲ್ಲಿತ್ತು.

ನಾನು ನೋಟ್‌ಬುಕ್ ತೆಗೆದೆ. ಎಷ್ಟು ದಿನ ನೆನೆಸಬೇಕು? ಮೂರು ದಿನ, ದಿನಾ ನೀರು ಬದಲಾಯಿಸಬೇಕು. ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ? "ಮೂಸಿ ನೋಡಿ, ಗೊತ್ತಾಯ್ತದೆ." ಹಸಿ ಕಳಲೆಯಲ್ಲಿ ಕಹಿ ಮಾತ್ರವಲ್ಲ, ನಂಜೂ ಇರುತ್ತದೆ. ಅಂದಾಜು ತಪ್ಪಿದರೆ ಕೆಡುವುದು ರುಚಿಯಷ್ಟೇ ಅಲ್ಲ, ಉಂಡವರ ಹೊಟ್ಟೆ. ಅಂಥ ವಿಷಯವನ್ನು ಅವರು ಮೂಗಿಗೆ ಬಿಟ್ಟಿದ್ದರು.

ಮುದ್ದೆಯ ಪಾಠವೂ ಹಾಗೆಯೇ. ಕುದಿಯುವ ನೀರಿಗೆ ಒಂದು ಚಿಟಿಕೆ ಹಿಟ್ಟು ಉದುರಿಸಿದರು, ಉಪ್ಪು ಹಾಕಿದರು, ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೋಲಿನಿಂದ ತೂತು ಮಾಡಿ ಬೇಯಲು ಬಿಟ್ಟರು. ಆಮೇಲೆ ಕೋಲು ನನ್ನ ಕೈಗೆ ಬಂತು. ಎರಡು ಸುತ್ತಿಗೇ ತೋಳು ಸೋತಿತು. "ನಿಲ್ಲುಸ್ಬೇಡ! ಗಂಟಾಯ್ತದೆ! ತೊಳಸು ಮಗ!" ಎಂದು ಗದರಿದರು. ಒದ್ದೆ ಬೆರಳು ಮುಟ್ಟಿಸಿ, ಅಂಟದೆ ಹೋದಾಗ ಇಳಿಸಿದೆವು. ಆಗ ನನಗೆ ಹೊಳೆಯಿತು: ಬಾಗಿಲಲ್ಲಿ ಚಿಕ್ಕವ್ವಾರೆ ಆಗಿದ್ದವಳು ಒಲೆ ಮುಂದೆ ಮಗ ಆಗಿದ್ದೆ.

ಪ್ಲೇಟೋ ಕ್ರಿ.ಪೂ. 4ನೆಯ ಶತಮಾನದಲ್ಲಿ ಬರೆದ 'ಗಾರ್ಜಿಯಾಸ್' ಸಂವಾದದಲ್ಲಿ ಸಾಕ್ರಟೀಸ್ ಅಡುಗೆಯನ್ನು ವಿದ್ಯೆಯೆಂದು ಒಪ್ಪುವುದಿಲ್ಲ. ಅದು ಬರೀ ರೂಢಿ, ನಾಲಿಗೆಯ ಓಲೈಕೆ; ತಾನು ಮಾಡುವುದಕ್ಕೆ ಕಾರಣ ಕೊಡಲಾಗದ್ದು ವಿದ್ಯೆ ಹೇಗಾದೀತು ಎನ್ನುತ್ತಾನೆ. ಸಂವಾದಕ್ಕೆ ಹೆಸರು ಕೊಟ್ಟ ಗಾರ್ಜಿಯಾಸ್ ಸಿಸಿಲಿ ದ್ವೀಪದವನು. ಸಿಸಿಲಿಯ ಅಡುಗೆಯ ಬಗ್ಗೆ ಪುಸ್ತಕ ಬರೆದ ಮಿಥೈಕಸ್ ಎಂಬವನ ಹೆಸರೂ ಅದರಲ್ಲಿ ಬರುತ್ತದೆ. ಬರೆದವನ ಹೆಸರು ಉಳಿಯಿತು, ಅವನಿಗೆ ಕಲಿಸಿದವರ ಹೆಸರು ಅಲ್ಲಿಲ್ಲ.

ನಮ್ಮ ಸೀಮೆಗೂ ಒಬ್ಬ ಮಿಥೈಕಸ್ ಇದ್ದಾನೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು, ಪಿರಿಯಾಪಟ್ಟಣ ಸೀಮೆಯನ್ನಾಳಿದ ಚಂಗಾಳ್ವರ ಕಾಲದ ಜೈನ ಕವಿ ಮೂರನೆಯ ಮಂಗರಸ. 16ನೆಯ ಶತಮಾನದ ಆದಿಯವನು. ಅವನ 'ಸೂಪಶಾಸ್ತ್ರ' ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಹೇಳುತ್ತದೆ. ಬದನೆ, ಹಲಸು, ಬಾಳೆಯ ಜತೆಗೆ ಕಳಲೆಗೂ ಅದರಲ್ಲಿ ಜಾಗವಿದೆ. ಸಾಕ್ರಟೀಸ್ ಕೇಳಿದ ಲೆಕ್ಕವನ್ನು ಮಂಗರಸ ಒಪ್ಪಿಸಿದ್ದಾನೆ ಎನ್ನಬಹುದು. ಆದರೆ ಕಳಲೆಯ ನೀರನ್ನು ಮೂಸಿ ಸಾಕು ಅಂದ ಮೊದಲ ಮೂಗು ಯಾರದು?

ಮಾತಿನಲ್ಲಿ ಕಾರಣ ಕೊಡಲಾಗದ್ದು ವಿದ್ಯೆಯಲ್ಲ ಎಂಬುದನ್ನು ನಾನೀಗ ಒಪ್ಪಲಾರೆ. ಅವ್ವ ಕಾರಣ ಕೊಟ್ಟರು, ಮಾತಿನಲ್ಲಿ ಕೊಡಲಿಲ್ಲ ಅಷ್ಟೆ. ನನ್ನ ಮೂಗನ್ನು ಪಾತ್ರೆಗೆ ಬಗ್ಗಿಸಿ ಕೊಟ್ಟರು, ತೋಳು ಹಿಡಿದು ಕೊಟ್ಟರು. ಹಾಗೆ ಕೊಡಬೇಕಾದರೆ ಕಲಿಯುವವಳು ಒಲೆಯ ಹತ್ತಿರ ಇರಬೇಕು. ಅಂದರೆ ಯಾರಾದರೂ ಅವಳನ್ನು ಒಳಗೆ ಬಿಟ್ಟಿರಬೇಕು. ನನ್ನ ಪ್ರಶ್ನೆ ಇರುವುದು ಇಲ್ಲಿ. ನಮ್ಮ ಅಡುಗೆಮನೆಗೆ ಬರಬಾರದಾಗಿದ್ದವರು ತಮ್ಮ ಅಡುಗೆಮನೆಗೆ ನನ್ನನ್ನು ಕರೆದು ಕಲಿಸಿದರೆ, ನಾನು ತೀರಿಸಬೇಕಾದದ್ದು ಏನು?

ದುಡ್ಡು ಮೊದಲ ಉತ್ತರ. ಇವತ್ತಿಗೂ ಪ್ರವಾಸಿಗರು ಸಿಸಿಲಿಯ ಮನೆಗಳಿಗೆ ಹೋಗಿ, ಶುಲ್ಕ ಕೊಟ್ಟು, ಕಪೊನಾತ ಎಂಬ ಹುಳಿಸಿಹಿ ಬದನೆ ಪದಾರ್ಥ ಮಾಡಲು ಕಲಿಯುತ್ತಾರೆ. ಕೊಟ್ಟರು, ಕಲಿತರು, ಲೆಕ್ಕ ಮುಗಿಯಿತು. ನಾನೂ ಸಂಕೋಚದಿಂದಲೇ ದುಡ್ಡು ಕೊಟ್ಟೆ. ಅವ್ವನಿಗೆ ಸಂಕೋಚವಿರಲಿಲ್ಲ. "ಇವತ್ತಿನ ಕೂಲಿ ಹೋಯ್ತಲ್ಲ, ಕೊಡಿ" ಎಂದು ಎಣಿಸಿ, ಒಂದು ದಿನದ ಕೂಲಿಯಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟರು. ದುಡ್ಡಿಗೆ ಸಲ್ಲುವುದು ಎಷ್ಟು, ಸಲ್ಲದ್ದು ಎಷ್ಟು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಎರಡನೆಯ ಉತ್ತರ ಗೆಳತಿಯದು. "ಅದು ನಿನ್ನಜ್ಜಿಯ ಕಾಲ. ನೀನು ಮಾಡದ ತಪ್ಪಿಗೆ ನಿನಗ್ಯಾಕೆ ಋಣ? ಅಲ್ಲದೆ ಅಡುಗೆಮನೆ ಖಾಸಗಿ ಜಾಗ, ಯಾರನ್ನು ಬಿಟ್ಟುಕೊಳ್ಳಬೇಕು ಅನ್ನೋದು ಮನೆಯವರಿಗೆ ಬಿಟ್ಟದ್ದು." ಇದು ತಳ್ಳಿಹಾಕುವ ಮಾತಲ್ಲ. ಯಾರು ಬೇಕಾದರೂ ನುಗ್ಗಬಹುದಾದ ಮನೆ ಮನೆಯೇ ಅಲ್ಲ. ಆದರೆ ಅಜ್ಜಿ ಅವ್ವನನ್ನು ನೋಡಿ, ಅಳೆದು, ಬೇಡವೆಂದವರಲ್ಲ. ಅವ್ವ ಹುಟ್ಟುವುದಕ್ಕೆ ಮೊದಲೇ ಆ ಬೇಡ ಇತ್ತು. ಯಾರನ್ನೂ ನೋಡದೆ ಮೊದಲೇ ಆಗಿಹೋದದ್ದನ್ನು ಆಯ್ಕೆ ಎನ್ನುವುದು ಹೇಗೆ? ಇನ್ನೊಂದು ವಿಚಿತ್ರ ನೋಡಿ. ನಮ್ಮ ಪೈರು ನೆಟ್ಟದ್ದು, ಭತ್ತ ಕೊಯ್ದದ್ದು, ಬಡಿದು ತೂರಿದ್ದು ಅದೇ ಕೈ. ಆ ಅಕ್ಕಿಗೆ ಇಲ್ಲದ ಮೈಲಿಗೆ ಅದು ಅನ್ನವಾಗುವ ಹೊತ್ತಿಗೆ ಎಲ್ಲಿಂದ ಬಂತು? ನಡುವೆ ಸೇರಿದ್ದು ನೀರು ಮತ್ತು ಬೆಂಕಿ ಮಾತ್ರ.

ಮಂಗರಸನ ಕಲ್ಲಹಳ್ಳಿಯೇ ದೇವರಾಜ ಅರಸರ ಊರೂ ಹೌದು. ಅವರ ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದು, ಎಷ್ಟೋ ಕಡೆ ಜಮೀನು ಉತ್ತವರ ಕೈಗೆ ಹೋಯಿತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ 1950ರಲ್ಲೇ ತೆಗೆದುಹಾಕಿತ್ತು. ಕಾನೂನು ಗದ್ದೆಗೆ, ಬಾವಿಗೆ, ಹೋಟೆಲಿಗೆ, ದೇವಸ್ಥಾನದ ಬಾಗಿಲಿಗೆ ಬರುತ್ತದೆ, ಬರಲೇಬೇಕು. ಒಲೆಯ ಮುಂದೆ ಯಾರಿಗೆ ಮಣೆ ಹಾಕಬೇಕೆಂದು ಅದು ಹೇಳಲಾರದು. ಅಲ್ಲಿ ಉಳಿಯುವುದು ಮನೆಯವರು ಮಾತ್ರ. ಅಜ್ಜಿಯ ತಪ್ಪು ನನ್ನದಲ್ಲ, ನಿಜ. ಆದರೆ ಅಜ್ಜಿಯ ಅಡುಗೆಮನೆ ಈಗ ನಮ್ಮದು. ಮನೆಯನ್ನು ಇಟ್ಟುಕೊಂಡು ಅದರ ಹೊಸ್ತಿಲನ್ನು ಮಾತ್ರ ಅಜ್ಜಿಯ ಲೆಕ್ಕಕ್ಕೆ ಬರೆಯಲಾಗದು. ನಾನು ತೀರಿಸಬೇಕಾದದ್ದು ದುಡ್ಡಲ್ಲ, ಒಂದು ಬಾಗಿಲು ಎಂದು ತೀರ್ಮಾನಿಸಿದೆ.

ತೀರ್ಮಾನ ಸುಲಭವಾಗಿತ್ತು. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ಜಾತ್ರೆಗೆ ಬಂದ ಅವ್ವ, ಮೊಮ್ಮಗನ ಜತೆ ನಮ್ಮ ಮನೆಗೂ ಬಂದರು. ಹಾಲಿನಲ್ಲಿ ಕೂತು ಕಾಫಿ ಕುಡಿದರು. ಅಷ್ಟು ನಮ್ಮಲ್ಲಿ ಎಂದೋ ಬದಲಾಗಿದೆ. "ಹಿಟ್ಟು ಮಾಡ್ತೀನಿ, ಒಳಗೆ ಬಂದು ನೋಡಿ ಅವ್ವ" ಅಂದೆ. ಒಳಗೆ ಅಮ್ಮನ ಸೌಟಿನ ಸದ್ದು ನಿಂತಿತು. ಅಮ್ಮ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಆ ನಿಂತ ಸದ್ದು ನನಗಿಂತ ಮೊದಲು ಅವ್ವನಿಗೆ ಕೇಳಿಸಿತೇನೋ. "ಇಲ್ಲೇ ಚೆಂದಾಗದೆ ಕಣವ್ವಾರೆ" ಅಂದರು. ಒಲೆ ಮುಂದಿನ ಮಗ ಮತ್ತೆ ಅವ್ವಾರೆ ಆಗಿದ್ದಳು.

ತಪ್ಪು ನನ್ನದೂ ಇತ್ತು. ನನ್ನ ಋಣ ತೀರಲಿ ಎಂದು ಅವರನ್ನು ಎದ್ದು ಬನ್ನಿ ಅಂದಿದ್ದೆ. ಒಳಗೆ ಏನು ಕಾದಿದೆಯೋ ಎಂಬ ಅಳುಕು ಅವರ ಪಾಲಿಗಿರಲಿ, ಸಮಾಧಾನ ನನ್ನ ಪಾಲಿಗಿರಲಿ ಎಂದಂತಾಯಿತು ಅದು. ಅವರು ನನ್ನನ್ನು ಕರೆದಾಗ ಹೀಗಿರಲಿಲ್ಲ. ಒಲೆಯ ಒಡತಿಯೇ ಕರೆದಿದ್ದರು, ಕಳಲೆ ಮೂರು ದಿನದಿಂದ ನೆನೆಯುತ್ತಿತ್ತು. ಒಳಗೆ ಬನ್ನಿ ಅನ್ನುವುದಕ್ಕೂ ಅಷ್ಟು ಸಿದ್ಧತೆ ಬೇಕು. ನಮ್ಮ ಮನೆಯಲ್ಲಿ ಆ ಮಾತು ಅಮ್ಮನ ಬಾಯಿಂದಲೂ ಬರಬೇಕು.

ಅವತ್ತು ಮುದ್ದೆಯನ್ನು ಹಾಲಿಗೇ ತಂದು, ಅವರ ಜತೆ ನೆಲದ ಮೇಲೆ ಕೂತು ಉಂಡೆ. ಅವ್ವ ಮುರಿದು ನೋಡಿ, "ಒಂದೇ ಗಂಟು" ಅಂದರು.

ಬರುವ ಆಷಾಢಕ್ಕೆ ಮತ್ತೆ ಕೋಟೆಗೆ ಹೋಗುತ್ತೇನೆ. ಜತೆಗೆ ಬಾ ಎಂದು ಅಮ್ಮನನ್ನು ಕೇಳಿದ್ದೇನೆ. ಅಮ್ಮ ಇನ್ನೂ ಹೂಂ ಅಂದಿಲ್ಲ. ಮೊನ್ನೆ ಮಾತ್ರ, ಕಳಲೆಗೆ ಎಷ್ಟು ನೀರು ಬದಲಾಯಿಸಬೇಕು ಎಂದು ಕೇಳಿದರು. ಮೂರು ಅಂದೆ. ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ ಎಂದರು. ಅದನ್ನು ನಾನು ಹೇಳಲಾರೆ, ಅಲ್ಲಿಗೇ ಬಂದು ಮೂಸಿ ನೋಡಬೇಕು ಅಂದೆ.