ಹಣೆಬರಹವಲ್ಲ, ಕಾರಣ ಇದೆ



*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ಮಳವಳ್ಳಿಯಲ್ಲಿ ಬಳಗ ಸೇರಿದ್ದಾಗ, ತ್ರಿಸರಣ ಪಂಚಶೀಲ ಮುಗಿದ ಮೇಲೆ ಮಾತು ಮನೆ ಸಾಮಾನಿನ ಕಡೆ ತಿರುಗಿತು. ಒಬ್ಬರ ಹೊಸ ಚಪ್ಪಲಿ ಇಪ್ಪತ್ತು ದಿನಕ್ಕೆ ಬಾರು ಕಿತ್ತಿತ್ತು. ಇನ್ನೊಬ್ಬರ ಬಕೆಟ್ಟಿನ ಹಿಡಿ ಮೊದಲ ವಾರವೇ ಕಳಚಿಕೊಂಡಿತ್ತು. ಮತ್ತೊಬ್ಬರು ತಂದ ಬಲ್ಬು ಒಂದು ತಿಂಗಳೂ ಬಾಳಲಿಲ್ಲ. ಎಲ್ಲರೂ ನಕ್ಕೆವು. ಕೊನೆಗೆ ಹಿರಿಯ ತಾಯಿಯೊಬ್ಬರು, "ನಮ್ಮಂಥೋರ್ಗೆ ಸಿಗೋದೇ ಇಂಥವು ಬುಡಿ, ಹಣೇಬರ" ಅಂದರು. ಆ ಕೊನೆಯ ಪದದ ಬಗ್ಗೆಯೇ ಇಂದಿನ ಚಿಂತನೆ.

ಕಿತ್ತುಹೋದ ಚಪ್ಪಲಿ ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 150 ರೂಪಾಯಿ ಚಪ್ಪಲಿ ಎರಡು ತಿಂಗಳು ಬಂದರೆ ವರ್ಷಕ್ಕೆ ಆರು ಜೊತೆ, 900 ರೂಪಾಯಿ. 600 ರೂಪಾಯಿಯದು ಎರಡು ವರ್ಷ ಬಂದರೆ ವರ್ಷಕ್ಕೆ 300. ಕೈಯಲ್ಲಿ ಒಟ್ಟಿಗೆ 600 ಇಲ್ಲದವನು ಮೂರು ಪಟ್ಟು ಕೊಟ್ಟು ಬರಿಗಾಲಲ್ಲಿ ನಡೆಯುತ್ತಾನೆ. ಕಳಪೆ ಸಾಮಾನು ಬಡವನ ಮೇಲೆ ಹಾಕಿದ ತೆರಿಗೆ, ಅದಕ್ಕೆ ರಶೀದಿ ಇಲ್ಲ ಅಷ್ಟೇ.

ಇಂಥ ಹೊತ್ತಿನಲ್ಲಿ ಮನಸ್ಸು ಎರಡು ಕಡೆ ಓಡುತ್ತದೆ. ಒಂದು, ಕೋಪ. ಅಂಗಡಿಯಲ್ಲಿ ಕೂಲಿಗೆ ನಿಂತ ಹುಡುಗನ ಮೇಲೆ ರೇಗಿ ಬರುತ್ತೇವೆ. ಆ ಚಪ್ಪಲಿ ಮಾಡಿದವನು ಅವನಲ್ಲ, ಲಾಭವೂ ಅವನದಲ್ಲ. ಎರಡು, ಹಣೆಬರಹ. ಕೋಪಕ್ಕಿಂತ ಇದು ಹೆಚ್ಚು ಅಪಾಯ. ಕೋಪ ಸಂಜೆಗೆ ಇಳಿಯುತ್ತದೆ, ಹಣೆಬರಹ ತಲೆಮಾರು ದಾಟುತ್ತದೆ. ಕೆರೆಯ ನೀರು ಮುಟ್ಟಬೇಡ ಅಂದಾಗಲೂ ನಮಗೆ ಹೇಳಿಕೊಟ್ಟಿದ್ದು ಇದೇ ಪದವನ್ನು. ಬಡವರ ಸ್ಥಿತಿಗೆ ಹಿಂದಿನ ಜನ್ಮದ ಕರ್ಮ ಕಾರಣ ಎನ್ನುವ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಪ್ಪಲಿಲ್ಲ. ಸಮಾಜ ತನ್ನ ಹೊಣೆಯಿಂದ ಜಾರಿಕೊಳ್ಳಲು ಅದು ದಾರಿ ಎಂದು ಅವರು ಕಂಡರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಿಟ್ಟು ಬಂದದ್ದನ್ನು ಸಂತೆಯಲ್ಲಿ ಮತ್ತೆ ಹೊತ್ತುಕೊಳ್ಳುವುದು ಬೇಡ.

ಭಗವಾನರು ತೋರಿದ್ದು ಮೂರನೆಯ ದಾರಿ: *ಕಾರಣ ಹುಡುಕು.* ಇದು ಇದ್ದುದರಿಂದ ಅದು ಆಯಿತು. ಇದನ್ನು ನಿಲ್ಲಿಸಿದರೆ ಅದು ನಿಲ್ಲುತ್ತದೆ. ಪಟಿಚ್ಚಸಮುಪ್ಪಾದ ಎಂಬ ದೊಡ್ಡ ಪದಕ್ಕೆ ಹೆದರಬೇಡಿ. ನಮ್ಮ ಜಿಲ್ಲೆಯ ಬೆಲ್ಲವನ್ನೇ ತೆಗೆದುಕೊಂಡು ಅರ್ಥ ಮಾಡಿಕೊಳ್ಳೋಣ.

ಆಲೆಮನೆ ಕಂಡವರಿಗೆ ಗೊತ್ತು. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸ್ವಲ್ಪ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿ ತೆಗೆದು ಅಚ್ಚಿಗೆ ಹೊಯ್ದರೆ ಬೆಲ್ಲ. ಅದರ ಸಹಜ ಬಣ್ಣ ಕಂದು, ದಿನ ಕಳೆದಂತೆ ಇನ್ನೂ ಕಪ್ಪಾಗುತ್ತದೆ. ಆದರೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಸಿಗುವುದು ಹೊಂಬಣ್ಣಕ್ಕೆ. ಅದಕ್ಕಾಗಿ ಕೆಲವು ಕಡೆ ಹೈಡ್ರೋಸ್ ಸುರಿಯುತ್ತಾರೆ. ಇದರ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆ ಕಾರ್ಖಾನೆಗಳಲ್ಲಿ ಬಣ್ಣ ತೆಗೆಯಲು ಬಳಸುವ ಪುಡಿ. ಅತಿಯಾದರೆ ಗಂಧಕದ ಅಂಶ ಬೆಲ್ಲದಲ್ಲೇ ಉಳಿಯುತ್ತದೆ, ಉಬ್ಬಸ ಇರುವವರಿಗೆ ಉಸಿರು ಕಟ್ಟಿಸಬಹುದು. ಇನ್ನು ಕೆಲವರು ಅಗ್ಗದ ಸಕ್ಕರೆ, ಹಳೆ ಬೆಲ್ಲ ಕರಗಿಸಿ ಬಣ್ಣ ಬೆರೆಸುತ್ತಾರೆ. ಮಂಡ್ಯ ಬೆಲ್ಲ ಎಂಬ ಹೆಸರು ಕೆಟ್ಟಿದ್ದು ಹೀಗೆ. ಪ್ರಾಮಾಣಿಕವಾಗಿ ಬೇಯಿಸಿದವನ ಕಂದು ಬೆಲ್ಲ ಮೂಲೆಗೆ ಬಿತ್ತು.

ಈಗ ಸರಪಳಿ ನೋಡಿ. ಕಣ್ಣು ಹೊಳಪನ್ನು ಕಂಡಿತು. ಹಿತ ಎನಿಸಿತು. ಬೇಕು ಎನಿಸಿತು, ಅದೇ ತಣ್ಹಾ. ಬೇಕು ಅಂದಿದ್ದಕ್ಕೆ ಬೆಲೆ ಏರಿತು. ಬೆಲೆ ನೋಡಿ ಆಲೆಮನೆ ಮಾಲೀಕನ ಲೋಭ ಎದ್ದಿತು. ಕೊನೆಗೆ ಮಗುವಿನ ಬಾಯಿಗೆ ಪುಡಿ ಬಂತು. ಇಲ್ಲಿ ಬ್ರಹ್ಮ ಬರೆದದ್ದು ಏನೂ ಇಲ್ಲ. ಪ್ರತಿ ಕೊಂಡಿಯಲ್ಲೂ ಒಬ್ಬ ಮನುಷ್ಯ ನಿಂತಿದ್ದಾನೆ.

ಹಾಗೆಂದು ಎಲ್ಲರ ಹೊಣೆ ಒಂದೇ ಅಲ್ಲ. ಕಮ್ಮಕ್ಕೆ ಮೂಲ ಚೇತನಾ, ಅಂದರೆ ಉದ್ದೇಶ ಎಂದರು ಭಗವಾನರು. ತಿಳಿದೂ ಬೆರೆಸಿದವನದು ದೊಡ್ಡ ಹೊಣೆ. ಅವನು ಎರಡನೆಯ ಶೀಲವನ್ನೂ ನಾಲ್ಕನೆಯದನ್ನೂ ಒಟ್ಟಿಗೆ ಮುರಿದ. ಕೊಡಬೇಕಾದ ಗುಣ ಕೊಡದೆ ಪೂರಾ ಹಣ ತೆಗೆದುಕೊಂಡದ್ದು ಅದಿನ್ನಾದಾನ, ಕೊಡದೆ ಇದ್ದುದನ್ನು ತೆಗೆದುಕೊಂಡ ಹಾಗೆ. ಬಣ್ಣದಲ್ಲಿ ಹೇಳಿದ್ದು ಸುಳ್ಳು. ದೀಘ ನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಕಳ್ಳ ತಕ್ಕಡಿ, ಕಳ್ಳ ಲೋಹ, ಕಳ್ಳ ಅಳತೆ ಮೂರನ್ನೂ ಹೆಸರಿಟ್ಟು ದೂರ ಇಟ್ಟಿದ್ದಾರೆ. ಎರಡೂವರೆ ಸಾವಿರ ವರ್ಷದ ಹಿಂದೆಯೂ ಸಂತೆಯಲ್ಲಿ ಇದೇ ನಡೆಯುತ್ತಿತ್ತು ಎಂದಾಯಿತು. ಎಂಟು ಮಾರ್ಗಗಳಲ್ಲಿ ಸಮ್ಮಾ ಆಜೀವ ಒಂದು ಪೂರ್ತಿ ಮೆಟ್ಟಿಲಾಗಿ ನಿಂತದ್ದು ಸುಮ್ಮನೆ ಅಲ್ಲ.

ನಮ್ಮಲ್ಲಿ ಚರ್ಮ ಹದ ಮಾಡಿ ಎಕ್ಕಡ ಹೊಲಿದ ಹಿರಿಯರಿದ್ದರು. ಊರು ಅವರನ್ನು ಮುಟ್ಟಲಿಲ್ಲ, ಅವರು ಹೊಲಿದ ಎಕ್ಕಡವನ್ನು ಮಾತ್ರ ವರ್ಷಗಟ್ಟಲೆ ಮೆಟ್ಟಿ ನಡೆಯಿತು. ಮರ್ಯಾದೆ ಸಿಗದ ಕಡೆಯೂ ಅವರು ಹೊಲಿಗೆಯಲ್ಲಿ ಮೋಸ ಮಾಡಲಿಲ್ಲ. ನಮ್ಮ ಪರಂಪರೆ ಅದು. ಗಾರೆ ಕೆಲಸ, ಹೊಲಿಗೆ, ವೈರಿಂಗ್, ಹೋಟೆಲು, ಕಚೇರಿ, ಯಾವ ಕೆಲಸದಲ್ಲೇ ಇರಿ, ನಮ್ಮ ಕೈಯಿಂದ ಹೊರಟದ್ದು ಇನ್ನೊಬ್ಬ ಬಡವನ ಮನೆಯಲ್ಲಿ ಬಾಳಬೇಕು. ಸಿಮೆಂಟು ಕದ್ದ ಗೋಡೆ ಒಂದು ದಿನ ಯಾರ ಮೇಲಾದರೂ ಬೀಳುತ್ತದೆ.

ಇನ್ನು ಕೊಳ್ಳುವವರಾಗಿ ನಮ್ಮ ಕೈಯಲ್ಲಿ ಏನಿದೆ? ಕರುಣೆ ಎಂದರೆ ಮೋಸವನ್ನು ಸಹಿಸುವುದಲ್ಲ. ಮೋಸ ನುಂಗಿಕೊಂಡರೆ ಅದು ಮುಂದಿನ ಮನೆಗೆ ಹೋಗುತ್ತದೆ.

ಎರಡು ವರ್ಷದ ಹಿಂದೆ ಮಂಡ್ಯದ ಒಂದು ಅಂಗಡಿಯಲ್ಲಿ ನೀರು ಕಾಯಿಸುವ ಕಾಯಿಲ್ ಕೊಂಡಿದ್ದೆ. ಮೂರನೇ ದಿನ ಬಕೆಟ್ಟಿನ ನೀರು ಮುಟ್ಟಿದ ನನ್ನ ಮನೆಯವರಿಗೆ ಕರೆಂಟು ಹೊಡೆಯಿತು. ಜೀವ ಉಳಿಯಿತು. ಬಿಲ್ ಹಿಡಿದು ಹೋದೆ, ದನಿ ಏರಿಸಲಿಲ್ಲ, ಹಿಂದೆಯೂ ಬರಲಿಲ್ಲ. ಸಂಜೆಯೊಳಗೆ ಹಣ ಸಿಕ್ಕಿತು. ಅದಕ್ಕಿಂತ ಮುಖ್ಯ, ಅದೇ ಮಾಲಿನ ಉಳಿದ ಕಾಯಿಲ್‌ಗಳು ಕಪಾಟಿನಿಂದ ಇಳಿದವು.

ನೆನಪಿಡಬೇಕಾದದ್ದು ಇಷ್ಟು:

🔹 ಬಿಲ್ ಕೇಳಿ. ಹತ್ತು ರೂಪಾಯಿ ಕಡಿಮೆ ಆಸೆಗೆ ಬಿಲ್ ಬಿಡಬೇಡಿ.

🔹 ಕಾಯಿಲ್, ಇಸ್ತ್ರಿಪೆಟ್ಟಿಗೆ, ಕುಕ್ಕರ್, ಹೆಲ್ಮೆಟ್‌ಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಕೆಳಗೆ ಪರವಾನಗಿ ಸಂಖ್ಯೆ ಇರಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಮೈಸೂರು ರಸ್ತೆ ಬದಿ ಸಿಗುವ ಟೋಪಿಯಂಥ ಹೆಲ್ಮೆಟ್ ಪೊಲೀಸರಿಗೆ ತೋರಿಸಲು ಆದೀತು, ತಲೆ ಉಳಿಸಲು ಆಗದು.

🔹 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

🔹 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಿದವರಷ್ಟೇ ಅಲ್ಲ, ತಯಾರಿಸಿದವರೂ ಹೊಣೆ. ಜಿಲ್ಲಾ ಗ್ರಾಹಕರ ಆಯೋಗ ಮಂಡ್ಯದಲ್ಲೇ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ.

🔹 ಕಂದು ಬೆಲ್ಲ ಕೇಳಿ ಕೊಳ್ಳಿ. ಬಣ್ಣವೊಂದೇ ಗ್ಯಾರಂಟಿ ಅಲ್ಲ, ಎಲ್ಲಿಯ ಆಲೆಮನೆಯದು, ಏನು ಹಾಕಿದ್ದಾರೆ ಎಂದೂ ಕೇಳಿ. ನಾಲ್ಕು ಜನ ಕೇಳಿದರೆ ಸರಪಳಿಯ ಒಂದು ಕೊಂಡಿ ಸಡಿಲವಾಗುತ್ತದೆ.

ಶಿಕ್ಷಣ, ಸಂಘಟನೆ, ಹೋರಾಟ ಎಂದು ಬಾಬಾಸಾಹೇಬರ ಹೆಸರಲ್ಲಿ ಗೋಡೆಗೆ ಬರೆಯುತ್ತೇವೆ. ಬಿಲ್ ಓದುವುದು ಶಿಕ್ಷಣ. ಒಂದೇ ಅಂಗಡಿಯಲ್ಲಿ ಮೋಸ ಹೋದ ಐದು ಮನೆಯವರು ಕೂಡಿ ದೂರು ಬರೆಯುವುದು ಸಂಘಟನೆ. ದ್ವೇಷವಿಲ್ಲದೆ, ಹಿಂದೆ ಸರಿಯದೆ ಅದನ್ನು ಕೊನೆ ಮುಟ್ಟಿಸುವುದು ಹೋರಾಟ.

*ಇಂದಿನ ಸಂಕಲ್ಪ:* ಏನಾದರೂ ಕಿತ್ತುಹೋದಾಗ "ಹಣೆಬರಹ" ಎನ್ನುವುದಿಲ್ಲ. "ಇದಕ್ಕೆ ಕಾರಣ ಏನು, ನನ್ನ ಕೈಯಲ್ಲಿರುವ ಕೊಂಡಿ ಯಾವುದು?" ಎಂದು ಕೇಳುತ್ತೇನೆ. ನಾನು ಮಾಡುವ ಕೆಲಸದಲ್ಲಿ ಇಂದು ಕಳಪೆ ಸೇರಿಸುವುದಿಲ್ಲ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ಸಾಧು! ಸಾಧು! ಸಾಧು!

ಓದಿದ ಮೇಲೆ ಮನೆಯ ಹಿರಿಯರಿಗೂ ಓದಿ ಹೇಳಿ. 🙏